ರೇಡಿಯೋ ರಿಪೇರಿಯ ರಾಜ: ಕಿಂಗ್ ಟಬ್ಬಿ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ನಾತ್ ಸ್ಪರ್ಧೆಗೆ ಬಂದಿದ್ದವರಿಗೆ ಆ ಎಕೋ ನೆನಪಿರಬಹುದು. ಬಾಡಿಗೆಗೆ ತಂದಿದ್ದ ಮೈಕ್‌ಸೆಟ್‌ನ ಆಂಪ್ಲಿಫೈಯರ್‌ನಲ್ಲಿ ಎಕೋ ಎಂದು ಬರೆದ ಒಂದು ನಾಬ್ ಇತ್ತು. ಅದನ್ನು ಯಾರೋ ಅರ್ಧಕ್ಕಿಂತ ಹೆಚ್ಚು ತಿರುಗಿಸಿಬಿಟ್ಟಿದ್ದರು. ಆ ಯಾರೋ ನಾನೇ ಎಂದು ಈಗ ಒಪ್ಪಿಕೊಂಡುಬಿಡುತ್ತೇನೆ. ಹಾಡುತ್ತಿದ್ದ ಪ್ರಥಮ ಪಿಯು ಹುಡುಗನ ಒಂದೊಂದು ಪದವೂ ಐದಾರು ಸಲ ಸಭಾಂಗಣ ಸುತ್ತಿ ಬಂದು ಮುಂದಿನ ಪದದ ಮೇಲೆ ಬೀಳುತ್ತಿತ್ತು. ಕಂಠ ಚೆನ್ನಾಗಿತ್ತು, ಮಾತು ಮಾತ್ರ ಒಂದೂ ತಿಳಿಯಲಿಲ್ಲ. ತೀರ್ಪುಗಾರರು ಕೈ ಎತ್ತಿ ನಿಲ್ಲಿಸಿದರು. ಮೈಕ್‌ಸೆಟ್‌ನವರು ಬಂದು ನಾಬ್ ಅನ್ನು ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ಅದೇ ಹುಡುಗ ಮತ್ತೆ ಹಾಡಿದಾಗ ಹಿಂದಿನ ಬೆಂಚಿನಲ್ಲಿದ್ದವರೂ ಸುಮ್ಮನಾದರು.

ಅಷ್ಟು ಸಣ್ಣ ತಿರುವಿನಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಹೇಗೆ ಬಂತು ಎಂಬ ಪ್ರಶ್ನೆ ತಲೆಯಲ್ಲೇ ಉಳಿಯಿತು. ನಮ್ಮ ದೊಡ್ಡಪ್ಪನ ಮಗ ಮನೆಯಲ್ಲೇ ಕಂಪ್ಯೂಟರಿನಲ್ಲಿ ನಶೀದ್‌ಗಳನ್ನು ರೆಕಾರ್ಡ್ ಮಾಡುತ್ತಾನೆ. ಅವನ ಸಾಫ್ಟ್‌ವೇರ್ ತೆರೆದರೆ ಪರದೆಯ ತುಂಬ ಪ್ಲಗಿನ್‌ಗಳು. ರಿವರ್ಬ್ ಒಂದು, ಡಿಲೇ ಒಂದು, ಫಿಲ್ಟರ್ ಒಂದು. ಪ್ರತಿಯೊಂದರಲ್ಲೂ ಹತ್ತು ಹನ್ನೆರಡು ನಾಬ್‌ಗಳ ಚಿತ್ರ. ಮೌಸ್‌ನಿಂದ ಎಳೆದರೆ ಅಂಕಿ 35ರಿಂದ ಒಮ್ಮೆಗೇ 48ಕ್ಕೆ ಹಾರುತ್ತದೆ. ಹಲವು ಸಾಫ್ಟ್‌ವೇರ್‌ಗಳಲ್ಲಿ ಶಿಫ್ಟ್ ಕೀಯನ್ನು, ಕೆಲವದರಲ್ಲಿ ಕಂಟ್ರೋಲ್ ಕೀಯನ್ನು ಒತ್ತಿ ಹಿಡಿದು ಎಳೆದರೆ ಅದೇ ನಾಬ್ ನಿಧಾನವಾಗಿ, 35.1, 35.2 ಎಂದು ಚಲಿಸುತ್ತದೆ. ವಾದ್ಯಗಳೇ ಇಲ್ಲದ, ಬರೀ ಕಂಠದ ರೆಕಾರ್ಡಿಂಗ್ ಕೂಡ ಈ ನಾಬ್‌ಗಳನ್ನು ದಾಟಿಯೇ ಹೊರಗೆ ಬರುತ್ತದೆ ಎಂದು ತಿಳಿದದ್ದು ಆಗಲೇ. ಈ ನಾಬ್ ತಿರುಗಿಸುವ ಕೆಲಸವನ್ನೇ ಒಂದು ಕಲೆ ಮಾಡಿದವರು ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕವರು ಜಮೈಕಾ ದೇಶದ ಒಬ್ಬ ರೇಡಿಯೋ ರಿಪೇರಿಯವರು. ಜಗತ್ತು ಅವರನ್ನು ಕಿಂಗ್ ಟಬ್ಬಿ ಎಂದು ಕರೆಯುತ್ತದೆ.

ಅವರ ನಿಜವಾದ ಹೆಸರು ಓಸ್ಬೋರ್ನ್ ರಡಕ್. ಹುಟ್ಟಿದ್ದು 1941ರ ಜನವರಿ 28ರಂದು, ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ. ಟಬ್ಬಿ ಎಂದರೆ ಇಂಗ್ಲಿಷಿನಲ್ಲಿ ಡುಮ್ಮ ಎಂಬ ಅರ್ಥವಿದೆ. ಆದರೆ ಅವರು ಡುಮ್ಮರೇನೂ ಆಗಿರಲಿಲ್ಲ. ತಾಯಿಯ ತವರಿನ ಹೆಸರು ಟಬ್‌ಮನ್, ಅದೇ ಮೊಟಕಾಗಿ ಮಗನಿಗೆ ಅಂಟಿಕೊಂಡಿತು. ಬಾಲ್ಯ ಕಳೆದದ್ದು ನಗರದ ಹಳೆಯ ಭಾಗದ ಹೈ ಹಾಲ್ಬೋರ್ನ್ ಬೀದಿಯ ಸುತ್ತಮುತ್ತ. 1950ರ ದಶಕದಲ್ಲಿ ಕುಟುಂಬ ನಗರದ ಪಶ್ಚಿಮಕ್ಕಿರುವ ವಾಟರ್‌ಹೌಸ್ ಎಂಬ ಬಡ ಬಡಾವಣೆಗೆ ಬಂತು. ಆಗ ಜಮೈಕಾ ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿತ್ತು, ಸ್ವಾತಂತ್ರ್ಯ ಸಿಕ್ಕಿದ್ದು 1962ರ ಆಗಸ್ಟ್ 6ರಂದು.

ಹುಡುಗನಿಗೆ ಹುಚ್ಚು ಇದ್ದದ್ದು ಎಲೆಕ್ಟ್ರಾನಿಕ್ಸ್‌ನದು. ಅಮೆರಿಕದಿಂದ ಅಂಚೆ ಮೂಲಕ ಬರುವ ಪಾಠಗಳನ್ನು ತರಿಸಿಕೊಂಡು ಓದಿದರು. ಕಿಂಗ್‌ಸ್ಟನ್‌ನ ಕಾಲೇಜ್ ಆಫ್ ಆರ್ಟ್ಸ್, ಸೈನ್ಸ್ ಅಂಡ್ ಟೆಕ್ನಾಲಜಿಯಲ್ಲೂ ಕಲಿತರು. ಮನೆಯ ಹಿಂದಿನ ಕೋಣೆಯಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿಗೆ ಕುಳಿತರು. ಟ್ರಾನ್ಸ್‌ಫಾರ್ಮರ್‌ಗಳನ್ನು ತಾವೇ ವೈಂಡಿಂಗ್ ಮಾಡುತ್ತಿದ್ದರು. ಇಲ್ಲಿ ಒಂದು ಮಾತು ನೆನಪಿಡಬೇಕು. ಟಬ್ಬಿ ಯಾವ ವಾದ್ಯವನ್ನೂ ನುಡಿಸಿ ಹೆಸರು ಮಾಡಿದವರಲ್ಲ, ಹಾಡಿದವರೂ ಅಲ್ಲ. ಅವರ ಕೈಯಲ್ಲಿದ್ದದ್ದು ಸೋಲ್ಡರಿಂಗ್ ಐರನ್.

ಆ ಕಾಲದ ಕಿಂಗ್‌ಸ್ಟನ್‌ನಲ್ಲಿ ರಿಪೇರಿಯವರಿಗೆ ಕೆಲಸಕ್ಕೆ ಬರವಿರಲಿಲ್ಲ. ವಾದ್ಯವೃಂದವನ್ನು ಕರೆಸುವಷ್ಟು ಹಣ ಬಡವರ ಬಡಾವಣೆಗಳಲ್ಲಿ ಇರಲಿಲ್ಲ. ಅದಕ್ಕೆ ಬದಲಾಗಿ ಬಂದದ್ದು ಸೌಂಡ್ ಸಿಸ್ಟಂ. ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು, ಮನೆಯಲ್ಲೇ ಕಟ್ಟಿದ ವಾಲ್ವ್ ಆಂಪ್ಲಿಫೈಯರ್, ಒಂದು ಗ್ರಾಮಫೋನ್ ಟರ್ನ್‌ಟೇಬಲ್, ಒಂದು ಮೈಕು. ಇದನ್ನೆಲ್ಲ ಲಾರಿಗೆ ಹೇರಿಕೊಂಡು ಹೋಗಿ ಬಯಲಿನಲ್ಲಿ ಇಳಿಸಿದರೆ ಅಲ್ಲೇ ಉತ್ಸವ. ನಮ್ಮ ಉರೂಸು, ಜಾತ್ರೆಗಳಲ್ಲಿ ಮೈಕ್‌ಸೆಟ್‌ನವರ ನಡುವೆ ಯಾರ ಸೌಂಡು ಹೆಚ್ಚು ದೂರ ಕೇಳುತ್ತದೆ ಎಂಬ ಪೈಪೋಟಿ ಇರುತ್ತದಲ್ಲ, ಅಲ್ಲಿ ಆ ಪೈಪೋಟಿ ಯುದ್ಧದ ಮಟ್ಟಕ್ಕೆ ಹೋಗುತ್ತಿತ್ತು. ಎದುರಾಳಿಗಳು ಗೂಂಡಾಗಳನ್ನು ಕಳಿಸಿ ಸ್ಪೀಕರ್ ಹರಿಸುತ್ತಿದ್ದರು, ವೈರು ಕತ್ತರಿಸುತ್ತಿದ್ದರು. ಅದರ ಮೇಲೆ ಮಳೆ, ಧೂಳು. ಹಾಳಾದದ್ದೆಲ್ಲ ಟಬ್ಬಿಯ ಮೇಜಿಗೆ ಬರುತ್ತಿತ್ತು.

1958ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಅವರು ತಮ್ಮದೇ ಸೌಂಡ್ ಸಿಸ್ಟಂ ಕಟ್ಟಿದರು. ಹೆಸರು ಟಬ್ಬೀಸ್ ಹೋಮ್ ಟೌನ್ ಹೈ-ಫೈ. ಗಾತ್ರದಲ್ಲಿ ದೊಡ್ಡದಲ್ಲ. ಆದರೆ ಕೇಳಲು ಜನ ದೂರದಿಂದ ಬರುತ್ತಿದ್ದರು. ಉಳಿದವರು ಇಡೀ ಶಬ್ದವನ್ನು ಜೋರು ಮಾಡುತ್ತಿದ್ದರೆ, ಟಬ್ಬಿ ಅದನ್ನು ಭಾಗ ಮಾಡಿದರು. ಕೆಳಗಿನ ಆವೃತ್ತಿಗಳು ಒಂದು ಆಂಪ್ಲಿಫೈಯರ್‌ಗೆ, ಮೇಲಿನವು ಇನ್ನೊಂದಕ್ಕೆ. ಹೀಗೆ ಮಾಡಿದರೆ ಬಾಸ್ ಎದೆಗೆ ತಾಗುತ್ತದೆ, ತಾಳದ ಸಣ್ಣ ಸದ್ದು ಅದರಲ್ಲಿ ಮುಳುಗುವುದಿಲ್ಲ. ಬಯಲಿನ ಸೌಂಡ್ ಸಿಸ್ಟಂಗೆ ಎಕೋ ಮತ್ತು ರಿವರ್ಬ್ ತಂದ ಮೊದಲಿಗರಲ್ಲೂ ಅವರ ಹೆಸರಿದೆ. ನಡುವೆ ಸ್ವಲ್ಪ ಕಾಲ ಒಂದು ಪುಟ್ಟ ಖಾಸಗಿ ರೇಡಿಯೋ ಕೇಂದ್ರವನ್ನೂ ಕಟ್ಟಿ, ಪೊಲೀಸರು ಹುಡುಕುತ್ತಿದ್ದಾರೆಂದು ತಿಳಿದು ಮುಚ್ಚಿದರಂತೆ. ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಎಫ್ಎಂ ಟ್ರಾನ್ಸ್‌ಮಿಟರ್ ಕನಸು ಕಾಣುವ ಗೆಳೆಯರು ಇದನ್ನು ಓದಿ ಹುಮ್ಮಸ್ಸು ಪಡಬೇಕಿಲ್ಲ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ನಮ್ಮಲ್ಲೂ ಅಪರಾಧವೇ.

1960ರ ದಶಕದ ಕೊನೆಯಲ್ಲಿ ಟಬ್ಬಿಗೆ ಟ್ರೆಷರ್ ಐಲ್ ಸ್ಟುಡಿಯೋದಲ್ಲಿ ಡಿಸ್ಕ್ ಕೊರೆಯುವ ಕೆಲಸ ಸಿಕ್ಕಿತು. ಆ ಸ್ಟುಡಿಯೋದ ಒಡೆಯ ಡ್ಯೂಕ್ ರೀಡ್ ಹಿಂದೆ ಪೊಲೀಸ್ ಆಗಿದ್ದವರು. ಟೇಪಿನಲ್ಲಿರುವ ಹಾಡನ್ನು ಮೆತ್ತನೆಯ ಲೇಪನದ ತಟ್ಟೆಯ ಮೇಲೆ ಸೂಜಿಯಿಂದ ಕೊರೆಯಬೇಕು. ಇಂಥ ತಟ್ಟೆ ಕೆಲವೇ ಸಲ ನುಡಿದು ಸವೆದುಹೋಗುತ್ತದೆ, ಆದರೆ ಹೊಸ ಹಾಡನ್ನು ಜನರ ಮುಂದೆ ಪರೀಕ್ಷಿಸಲು ಅಷ್ಟು ಸಾಕು. ಅದೇ ಸ್ಟುಡಿಯೋದಲ್ಲಿ ಆ ಹೊತ್ತಿಗೆ ಒಂದು ಚಿಕ್ಕ ತಪ್ಪು ನಡೆದಿತ್ತು. ಸ್ಪ್ಯಾನಿಷ್ ಟೌನ್‌ನ ಸೌಂಡ್ ಸಿಸ್ಟಂ ಮಾಲೀಕ ರಡ್ಡಿ ರೆಡ್‌ವುಡ್ ಎಂಬವರಿಗೆ ಪ್ಯಾರಗನ್ಸ್ ತಂಡದ ಒಂದು ಹಾಡನ್ನು ಕೊರೆದುಕೊಡುವಾಗ ಎಂಜಿನಿಯರ್ ಬೈರನ್ ಸ್ಮಿತ್ ಹಾಡುವವರ ಟ್ರ್ಯಾಕನ್ನು ಸೇರಿಸಲು ಮರೆತರು. ರೆಡ್‌ವುಡ್ ಆ ತಟ್ಟೆಯನ್ನು ಎಸೆಯಲಿಲ್ಲ. ರಾತ್ರಿ ಬಯಲಿನಲ್ಲಿ ಮೊದಲು ಹಾಡು ಹಾಕಿದರು, ಬೆನ್ನಿಗೇ ಮಾತಿಲ್ಲದ ಆ ತಟ್ಟೆ ಹಾಕಿದರು. ಖಾಲಿ ಇದ್ದ ಜಾಗವನ್ನು ಜನರೇ ಹಾಡಿ ತುಂಬಿದರು. ಅಂದಿನಿಂದ ಜಮೈಕಾದ ರೆಕಾರ್ಡುಗಳ ಹಿಂಬದಿಯಲ್ಲಿ ಮಾತಿಲ್ಲದ ರೂಪವನ್ನು ಹಾಕುವ ರೂಢಿ ಬೆಳೆಯಿತು. ಅದಕ್ಕೆ ವರ್ಷನ್ ಎಂದು ಹೆಸರಾಯಿತು.

ಎಲ್ಲರೂ ಮಾತನ್ನು ತೆಗೆದು ಸುಮ್ಮನಾದರು. ಟಬ್ಬಿ ಅಲ್ಲಿಗೆ ನಿಲ್ಲಲಿಲ್ಲ. ಮಾತನ್ನು ಪೂರ್ತಿ ತೆಗೆಯುವ ಬದಲು ಅರ್ಧ ಸಾಲು ಬಿಟ್ಟರೆ? ಆ ಅರ್ಧ ಸಾಲನ್ನು ಎಕೋಗೆ ಕಳಿಸಿ, ಅದು ಕರಗುತ್ತಿರುವಾಗ ಡ್ರಮ್ಮನ್ನೂ ನಿಲ್ಲಿಸಿ, ಬರೀ ಬಾಸನ್ನು ಉಳಿಸಿದರೆ? ಅಂಥ ತಟ್ಟೆಗಳನ್ನು ಕೊರೆದು ತಮ್ಮ ಸೌಂಡ್ ಸಿಸ್ಟಂನಲ್ಲಿ ನುಡಿಸಿದರು. ಅದರ ಮೇಲೆ ಯು-ರಾಯ್ ಎಂಬ ಮಾತುಗಾರ ಮೈಕು ಹಿಡಿದು ಲಯಬದ್ಧವಾಗಿ ಮಾತಾಡುತ್ತಿದ್ದರು. 1970ರಲ್ಲಿ ಯು-ರಾಯ್ ಮಾತಿನ ರೆಕಾರ್ಡುಗಳು ಹೊರಬಂದು ದ್ವೀಪವನ್ನೆಲ್ಲ ಗೆದ್ದವು. ಇಂದು ರ‍್ಯಾಪ್ ಎಂದು ಕರೆಯುವುದರ ಹಿರಿಯ ಸಂಬಂಧಿಗಳಲ್ಲಿ ಇದೂ ಒಂದು.

1971ರ ಹೊತ್ತಿಗೆ ಟಬ್ಬಿ ವಾಟರ್‌ಹೌಸ್‌ನ ಡ್ರಾಮಿಲ್ಲಿ ಅವೆನ್ಯೂ 18ನೇ ನಂಬರಿನ ಮನೆಯಲ್ಲಿ ತಮ್ಮದೇ ಸ್ಟುಡಿಯೋ ಆರಂಭಿಸಿದರು. ಮನೆ ತಾಯಿಯದು. ನಿರ್ಮಾಪಕ ಬನ್ನಿ ಲೀ ಅವರ ನೆರವಿನಿಂದ ಡೈನಾಮಿಕ್ ಸೌಂಡ್ಸ್ ಎಂಬ ದೊಡ್ಡ ಸ್ಟುಡಿಯೋ ಬಿಟ್ಟುಕೊಟ್ಟ ಎಂಸಿಐ ಕಂಪನಿಯ ಹಳೆಯ ಮಿಕ್ಸರ್ ಸಿಕ್ಕಿತು. ಜೊತೆಗೆ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರ. ಕೋಣೆ ಎಷ್ಟು ಚಿಕ್ಕದೆಂದರೆ ವಾದ್ಯದವರನ್ನು ಕೂರಿಸಲು ಜಾಗವೇ ಇಲ್ಲ. ಹಾಡುವವರನ್ನು ನಿಲ್ಲಿಸಿದ್ದು ಸ್ನಾನದ ಕೋಣೆಯಲ್ಲಿ. ಹಾಗಾಗಿ ವಾದ್ಯಗಳ ರೆಕಾರ್ಡಿಂಗ್ ಬೇರೆ ಸ್ಟುಡಿಯೋಗಳಲ್ಲಿ ಮುಗಿದು, ಟೇಪು ಇಲ್ಲಿಗೆ ಬರುತ್ತಿತ್ತು. ಕಂಠ ಸೇರಿಸುವುದು ಮತ್ತು ಮಿಕ್ಸ್ ಮಾಡುವುದು ಮಾತ್ರ ಇಲ್ಲಿಯ ಕೆಲಸ. ನನಗನಿಸುವಂತೆ ಟಬ್ಬಿಯ ಸಾಧನೆಗೆ ಈ ಇಕ್ಕಟ್ಟೇ ಒಂದು ಕಾರಣ. ದೊಡ್ಡ ಹಾಲ್ ಇದ್ದಿದ್ದರೆ ಅವರೂ ಎಲ್ಲರಂತೆ ವಾದ್ಯಗಳನ್ನು ರೆಕಾರ್ಡ್ ಮಾಡುತ್ತಾ ಕಾಲ ಕಳೆಯುತ್ತಿದ್ದರೇನೋ.

ಇನ್ನು ಆ ಮಿಕ್ಸರ್ ವಿಷಯ. ಅದರಲ್ಲಿ ಆಲ್ಟೆಕ್ ಕಂಪನಿಯ ಒಂದು ಹೈಪಾಸ್ ಫಿಲ್ಟರ್ ಇತ್ತು. ಹೈಪಾಸ್ ಎಂದರೆ ಒಂದು ಗೊತ್ತಾದ ಆವೃತ್ತಿಗಿಂತ ಕೆಳಗಿನದನ್ನು ತಡೆದು ಮೇಲಿನದನ್ನು ಬಿಡುವುದು. ಸಾಮಾನ್ಯವಾಗಿ ಎಂಜಿನಿಯರ್‌ಗಳು ಅದನ್ನು ಬಳಸುತ್ತಿದ್ದದ್ದು ಗೊರಗೊರ ಸದ್ದು ತೆಗೆಯಲು. ಒಮ್ಮೆ ಇಟ್ಟರೆ ಮತ್ತೆ ಮುಟ್ಟುತ್ತಿರಲಿಲ್ಲ. ಟಬ್ಬಿ ಅದನ್ನು ಹಾಡು ಓಡುತ್ತಿರುವಾಗಲೇ ತಿರುಗಿಸಿದರು. ದೊಡ್ಡ ನಾಬ್, ಮೆಟ್ಟಿಲು ಮೆಟ್ಟಿಲಾಗಿ ತಿರುಗುವಂಥದ್ದು. 70 ಹರ್ಟ್ಸ್‌ನಿಂದ ಹೊರಟು 7500 ಹರ್ಟ್ಸ್‌ವರೆಗೆ ಹತ್ತರಷ್ಟು ಮೆಟ್ಟಿಲು. ಏರಿಸುತ್ತಾ ಹೋದಂತೆ ಮೊದಲು ಬಾಸ್ ಮಾಯ, ಆಮೇಲೆ ಡ್ರಮ್ಮಿನ ಮೈ ಮಾಯ, ಕೊನೆಗೆ ಉಳಿಯುವುದು ತಾಳದ ತಟ್ಟೆಯ ಸುಯ್ಯೆನ್ನುವ ಸದ್ದು ಮಾತ್ರ. ಮತ್ತೆ ಒಮ್ಮೆಗೇ ಕೆಳಗಿಳಿಸಿದರೆ ನೆಲ ವಾಪಸ್ಸು ಬಂದಂತೆ ಬಾಸ್ ಬಂದು ನಿಲ್ಲುತ್ತದೆ. ಆ ಏರಿಳಿತ ಟಬ್ಬಿಯ ಸಹಿಯಂತೆ ಆಯಿತು.

ನಮ್ಮ ಲ್ಯಾಬ್‌ನಲ್ಲಿ ಒಂದು ಕೆಪ್ಯಾಸಿಟರ್, ಒಂದು ರೆಸಿಸ್ಟರ್ ಸೇರಿಸಿ ಮಾಡುವ ಫಿಲ್ಟರ್ ನೆನಪಿದೆಯೇ? ಅದರ ತಡೆ ಆವೃತ್ತಿ ಎಂದರೆ ಎರಡು ಪೈ ಆರ್ ಸಿ ಇಂದ ಒಂದನ್ನು ಭಾಗಿಸಿದಷ್ಟು. 10 ಕಿಲೋ ಓಮ್ ಜೊತೆ 0.22 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 72 ಹರ್ಟ್ಸ್. ಕೆಪ್ಯಾಸಿಟರ್ ಅನ್ನು ನೂರರಲ್ಲಿ ಒಂದು ಪಾಲು ಮಾಡಿದರೆ ಸುಮಾರು 7200 ಹರ್ಟ್ಸ್. ಟಬ್ಬಿಯ ನಾಬ್‌ನ ಎರಡು ತುದಿಗಳು ಹೆಚ್ಚುಕಡಿಮೆ ಇವೇ. ಆ ಫಿಲ್ಟರ್‌ನ ಒಳರಚನೆ ನಮ್ಮದಕ್ಕಿಂತ ಸಂಕೀರ್ಣ, ತತ್ವ ಮಾತ್ರ ದೂರದ್ದಲ್ಲ.

ಆ ಮೆಟ್ಟಿಲುಗಳ ಅಂತರವನ್ನು ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. 70, 100, 150, 250, 500, 1000 ಹೀಗೆ ಅಂಕಿಗಳು ಒಂದೇ ಅಳತೆಯಲ್ಲಿ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತವೆ. ನಮ್ಮ ಕಿವಿಯೂ ಹಾಗೆಯೇ. 100ರಿಂದ 200ಕ್ಕೆ ಒಂದು ಸ್ಥಾಯಿ, 1000ದಿಂದ 2000ಕ್ಕೂ ಒಂದೇ ಸ್ಥಾಯಿ. ಗಣಿತದ ಉಪನ್ಯಾಸಕರು ಲಾಗರಿದಮ್ ಕಲಿಸುವಾಗ ಇದು ಯಾತಕ್ಕೆ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಉತ್ತರ ಇಲ್ಲಿದೆ. ಕಂಪ್ಯೂಟರಿಗೆ ಜೋಡಿಸುವ ಸಾಮಾನ್ಯ ಮಿಡಿ ನಾಬ್ 0ಯಿಂದ 127ರವರೆಗೆ, ಅಂದರೆ 128 ಬೆಲೆಗಳನ್ನು ಮಾತ್ರ ಕಳಿಸುತ್ತದೆ. 20ರಿಂದ 20,000 ಹರ್ಟ್ಸ್‌ವರೆಗಿನ ಹರವನ್ನು ಸಮನಾಗಿ ಹಂಚಿದರೆ ಒಂದು ಹೆಜ್ಜೆಗೆ ಸುಮಾರು 157 ಹರ್ಟ್ಸ್. ಮೊದಲ ಹೆಜ್ಜೆಯಲ್ಲೇ 20ರಿಂದ 177ಕ್ಕೆ ಹಾರಿ ಮೂರು ಸ್ಥಾಯಿ ದಾಟಿಬಿಡುತ್ತದೆ. ಕೊನೆಯ ಹೆಜ್ಜೆಯಲ್ಲಿ ಬದಲಾವಣೆ ಯಾರಿಗೂ ಕೇಳುವುದಿಲ್ಲ. ಅದೇ ಹರವನ್ನು ಲಾಗ್ ಲೆಕ್ಕದಲ್ಲಿ ಹಂಚಿದರೆ ಪ್ರತಿ ಹೆಜ್ಜೆಗೂ ಸುಮಾರು 5.6 ಶೇಕಡಾ ಏರಿಕೆ, ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರಕ್ಕಿಂತ ತುಸು ಕಡಿಮೆ. ಒಳ್ಳೆಯ ಪ್ಲಗಿನ್‌ಗಳ ಫಿಲ್ಟರ್ ನಾಬ್ ಹೀಗೇ ಇರುತ್ತದೆ. ಅದಕ್ಕೂ ಸೂಕ್ಷ್ಮ ಬೇಕೆಂದರೆ ಎರಡು ಸಂದೇಶಗಳನ್ನು ಜೋಡಿಸಿ 16,384 ಹೆಜ್ಜೆ ಮಾಡುವ ವ್ಯವಸ್ಥೆಯೂ ಇದೆ. ಟಬ್ಬಿಯ ಬಳಿ ಇದ್ದದ್ದು ಹತ್ತರಷ್ಟು.

ಎಕೋ ವಿಷಯದಲ್ಲೂ ಅವರು ನಂಬಿದ್ದು ಟೇಪನ್ನು. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು. ಎರಡರ ನಡುವೆ 5 ಸೆಂಟಿಮೀಟರ್ ಅಂತರವಿದ್ದು ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡಿದರೆ ಶಬ್ದ 0.26 ಸೆಕೆಂಡ್ ತಡವಾಗಿ ಕೇಳುತ್ತದೆ. ವೇಗ ಇಮ್ಮಡಿಯಾದರೆ ತಡ ಅರ್ಧವಾಗುತ್ತದೆ. ದೂರ ಭಾಗಿಸು ವೇಗ, ಎಂಟನೇ ತರಗತಿಯ ಲೆಕ್ಕ. ಆದರೆ ಹಾಡಿನ ನಡೆಗೆ ಅದು ಕೂಡಿಬರಬೇಕು. ನಿಮಿಷಕ್ಕೆ 75 ತಾಳ ಬೀಳುವ ಹಾಡಿನಲ್ಲಿ ಒಂದು ತಾಳಕ್ಕೆ 0.8 ಸೆಕೆಂಡ್. ಎಕೋ 0.4 ಸೆಕೆಂಡಿಗೆ ಬಂದರೆ ಸರಿಯಾಗಿ ಅರ್ಧ ತಾಳದಲ್ಲಿ ಕೂರುತ್ತದೆ. 0.43ಕ್ಕೆ ಬಂದರೆ ಯಾರೋ ಎಡವಿದಂತೆ ಕೇಳುತ್ತದೆ. ಇಂದಿನ ಡಿಲೇ ಪ್ಲಗಿನ್‌ನಲ್ಲಿ 400 ಎಂದು ಟೈಪ್ ಮಾಡಿದರೆ ಮುಗಿಯಿತು. ಆಗ ಟೇಪಿನ ಓಟವನ್ನೇ ಹೊಂದಿಸಬೇಕಿತ್ತು.

ಓದಿದ ಶಬ್ದವನ್ನು ಮತ್ತೆ ಬರೆಯುವ ಹೆಡ್‌ಗೆ ಕಳಿಸಿದರೆ ಎಕೋ ಮತ್ತೆ ಮತ್ತೆ ಬರುತ್ತದೆ. ಇದೇ ಫೀಡ್‌ಬ್ಯಾಕ್. ನಾತ್ ಸ್ಪರ್ಧೆಯಲ್ಲಿ ನಾನು ತಿರುಗಿಸಿದ್ದು ಇದನ್ನೇ. ಪ್ರತಿ ಸುತ್ತಿಗೂ ಅರ್ಧ ಮಾತ್ರ ಹಿಂದಕ್ಕೆ ಕಳಿಸಿದರೆ ಹತ್ತು ಸುತ್ತಿನಲ್ಲಿ ಶಬ್ದ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. 90 ಶೇಕಡಾ ಕಳಿಸಿದರೆ ಅದಕ್ಕೆ 66 ಸುತ್ತು ಬೇಕು. 99 ಶೇಕಡಾ ಕಳಿಸಿದರೆ 687 ಸುತ್ತು. ನೂರು ದಾಟಿತೋ, ಅದು ತಗ್ಗುವುದೇ ಇಲ್ಲ, ಬೆಳೆಯುತ್ತಾ ಹೋಗಿ ಅರಚುತ್ತದೆ. ಅಂದರೆ ನಾಬ್‌ನ ಮೊದಲರ್ಧದಲ್ಲಿ ಎಷ್ಟು ತಿರುಗಿಸಿದರೂ ಅಷ್ಟೇನೂ ಆಗದು, ಕೊನೆಯ ಕೂದಲೆಳೆಯಲ್ಲಿ ಎಲ್ಲವೂ ಆಗಿಬಿಡುತ್ತದೆ. ಟಬ್ಬಿ ಆ ಅಂಚಿನಲ್ಲಿ ನಿಂತು ಕೆಲಸ ಮಾಡುತ್ತಿದ್ದರು. ಎಕೋ ಬೆಳೆದು ಬೆಳೆದು ಅರಚುವ ಮುನ್ನ, ಸರಿಯಾಗಿ ಮುಂದಿನ ತಾಳಕ್ಕೆ ಕತ್ತರಿಸುತ್ತಿದ್ದರು.

ಫಿಶರ್ ಕಂಪನಿಯ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಯೂ ಅವರಲ್ಲಿತ್ತು. ಒಳಗೆ ತೂಗುವ ಸ್ಪ್ರಿಂಗ್‌ನಲ್ಲಿ ಶಬ್ದ ಓಡಾಡಿ ಗವಿಯೊಳಗಿನ ಅನುಭವ ಕೊಡುತ್ತದೆ. ಪೆಟ್ಟಿಗೆಗೆ ಕೈಯಿಂದ ಒಂದು ಏಟು ಕೊಟ್ಟರೆ ಸ್ಪ್ರಿಂಗುಗಳು ಬಡಿದಾಡಿ ಗುಡುಗಿನ ಸದ್ದು. ಯಂತ್ರಕ್ಕೆ ಹಾನಿ ಎಂದು ಉಳಿದವರು ಮುಟ್ಟದಿದ್ದುದನ್ನು ಟಬ್ಬಿ ಹಾಡಿನ ನಡುವೆ ತಂದರು. ಮಿಕ್ಸರ್ ಪರೀಕ್ಷೆಗೆಂದು ಇದ್ದ ಕೂಗುವ ಟೋನ್ ಕೂಡ ಅವರ ಹಾಡುಗಳಲ್ಲಿ ಕೇಳಿಬರುತ್ತದೆ. ಕೆಟ್ಟರೆ ತಾವೇ ಬಿಚ್ಚಿ ಸರಿಮಾಡಬಲ್ಲವರಿಗೆ ಯಂತ್ರದ ಮೇಲೆ ಅಷ್ಟು ಸಲಿಗೆ ಇರುತ್ತದೆ.

ಇದನ್ನೆಲ್ಲ ಒಂದೇ ಉಸಿರಿನಲ್ಲಿ ಮಾಡಬೇಕಿತ್ತು ಎಂಬುದನ್ನು ನಾವು ಇಂದು ಊಹಿಸುವುದೂ ಕಷ್ಟ. ಈಗ ನಾಬ್‌ನ ಚಲನೆಯನ್ನು ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಆಟೋಮೇಷನ್ ಎನ್ನುತ್ತಾರೆ. ತಪ್ಪಾದರೆ ಆ ಗೆರೆಯನ್ನು ಎಳೆದು ತಿದ್ದಬಹುದು, ಬೇಡವಾದರೆ ಅನ್‌ಡೂ ಒತ್ತಬಹುದು. ಟಬ್ಬಿಯ ಕೋಣೆಯಲ್ಲಿ ನಾಲ್ಕು ಟ್ರ್ಯಾಕು ಓಡುತ್ತಿದ್ದಾಗ ಎರಡು ಕೈ ಮಾತ್ರ. ಹಾಡು ಮುಗಿಯುವವರೆಗೆ ಆ ಕೈಗಳು ಏನು ಮಾಡುತ್ತವೋ ಅದೇ ಅಂತಿಮ ಪ್ರತಿ. ಕೊನೆಯ ಅರ್ಧ ನಿಮಿಷದಲ್ಲಿ ಎಡವಿದರೆ ಮೊದಲಿನಿಂದ ಮತ್ತೆ. ಒಂದೇ ಟೇಪಿನಿಂದ ಅವರು ಮಾಡಿದ ಎರಡು ಮಿಕ್ಸ್‌ಗಳು ಒಂದೇ ರೀತಿ ಇರುತ್ತಿರಲಿಲ್ಲ.

ಈ ಬಗೆಯ ಸಂಗೀತಕ್ಕೆ ಡಬ್ ಎಂದು ಹೆಸರು ಬಂತು. ಟಬ್ಬಿ ಒಬ್ಬರೇ ಅದನ್ನು ಹುಟ್ಟಿಸಿದರು ಎಂದರೆ ಅನ್ಯಾಯವಾಗುತ್ತದೆ. ಅದೇ ನಗರದ ರ‍್ಯಾಂಡೀಸ್ ಸ್ಟುಡಿಯೋದಲ್ಲಿ ಎರಲ್ ಥಾಂಪ್ಸನ್ ಕೂಡ ಅದೇ ಕಾಲಕ್ಕೆ ಇಂಥದೇ ಪ್ರಯೋಗ ಮಾಡುತ್ತಿದ್ದರು. ಲೀ ಪೆರ್ರಿ ಟಬ್ಬಿಯ ಜೊತೆ ಸೇರಿ 1973ರಲ್ಲಿ ಬ್ಲ್ಯಾಕ್‌ಬೋರ್ಡ್ ಜಂಗಲ್ ಡಬ್ ಎಂಬ ಆಲ್ಬಂ ತಂದರು. ಬಾಯಿಂದ ಊದುವ ಪುಟ್ಟ ಮೆಲೋಡಿಕಾ ನುಡಿಸುತ್ತಿದ್ದ ಆಗಸ್ಟಸ್ ಪಾಬ್ಲೋ ಅವರ ಟೇಪುಗಳನ್ನು ಟಬ್ಬಿ ಮಿಕ್ಸ್ ಮಾಡಿದ ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್ 1976ರಲ್ಲಿ ಬಂತು. ಡಬ್ ಬಗ್ಗೆ ಬರೆಯುವವರೆಲ್ಲ ಮೊದಲು ಹೆಸರಿಸುವ ಆಲ್ಬಂಗಳಲ್ಲಿ ಇದೂ ಒಂದು. ಗಮನಿಸಬೇಕಾದ ಸಂಗತಿ ಎಂದರೆ, ಹಾಡಿದವರ ಅಥವಾ ನುಡಿಸಿದವರ ಹೆಸರು ಇರಬೇಕಾದ ರಕ್ಷಾಕವಚದ ಮೇಲೆ ಮಿಕ್ಸ್ ಮಾಡಿದವರ ಹೆಸರು ದೊಡ್ಡದಾಗಿ ಬಂದಿತ್ತು.

ಇದರಲ್ಲಿ ಒಂದು ಕಸಿವಿಸಿಯೂ ಇದೆ. ಒಂದು ಹಾಡಿಗೆ ನುಡಿಸಿದ ಡ್ರಮ್ಮರ್‌ಗೆ, ಹಾಡಿದ ಹುಡುಗನಿಗೆ ಒಮ್ಮೆ ಕೂಲಿ ಸಿಕ್ಕಿತೆಂದರೆ ಮುಗಿಯಿತು. ಅದೇ ಟೇಪಿನಿಂದ ಹತ್ತು ಡಬ್ ಹೊರಬಂದರೂ ಅವರಿಗೆ ಮತ್ತೆ ಬಿಡಿಗಾಸು ಬರುವುದು ಅಪರೂಪ. ಜಮೈಕಾದಲ್ಲಿ ಬ್ರಿಟಿಷರ ಕಾಲದ 1911ರ ಹಕ್ಕುಸ್ವಾಮ್ಯ ಕಾನೂನೇ ನಡೆಯುತ್ತಿತ್ತು, ಹೊಸ ಕಾನೂನು ಬಂದದ್ದು 1993ರಲ್ಲಿ. ತೆಗೆದುಹಾಕುವುದು ಕೂಡ ಸೃಷ್ಟಿಯೇ ಎಂದು ಟಬ್ಬಿಯನ್ನು ಕೇಳಿದ ಮೇಲೆ ನಾನು ಒಪ್ಪುತ್ತೇನೆ. ಆದರೆ ತೆಗೆದದ್ದು ಯಾರದೋ ಕಂಠ ಎಂಬುದನ್ನು ಮರೆಯಲಾಗುವುದಿಲ್ಲ.

ಟಬ್ಬಿಯನ್ನು ಕಂಡವರೆಲ್ಲ ಹೇಳುವುದು ಅವರ ಅಚ್ಚುಕಟ್ಟು. ಇಸ್ತ್ರಿ ಮಾಡಿದ ಅಂಗಿ, ಕಡಿಮೆ ಮಾತು, ಧೂಳಿಲ್ಲದ ಕೋಣೆ. ಮನೆಯಲ್ಲಿ ಕೇಳುತ್ತಿದ್ದದ್ದು ಜಾಸ್. ಹೊರಗೆ ವಾಟರ್‌ಹೌಸ್ ಮಾತ್ರ ಬೇರೆಯೇ ಆಗುತ್ತಿತ್ತು. 1970ರ ದಶಕದಲ್ಲಿ ಎರಡು ರಾಜಕೀಯ ಪಕ್ಷಗಳ ಬೆಂಬಲಿಗರ ನಡುವೆ ಗುಂಡಿನ ಕಾಳಗ ನಡೆದು, ಜನ ಆ ಬಡಾವಣೆಯನ್ನೇ ಫೈರ್‌ಹೌಸ್ ಎಂದು ಕರೆಯತೊಡಗಿದರು. ಸೌಂಡ್ ಸಿಸ್ಟಂ ಕೂಟಗಳ ಮೇಲೆ ಪೊಲೀಸರ ದಾಳಿಯೂ ಆಗುತ್ತಿತ್ತು. ಟಬ್ಬಿಯ ಹೋಮ್ ಟೌನ್ ಹೈ-ಫೈ ಆ ದಶಕದ ನಡುವಿನಲ್ಲೇ ನಿಂತುಹೋಯಿತು. ಅವರು ಸ್ಟುಡಿಯೋ ಬಾಗಿಲೊಳಗೆ ಉಳಿದರು.

ಆ ಬಾಗಿಲಿಗೆ ಬಂದ ಹುಡುಗರಿಗೆ ಮಾತ್ರ ಅವರು ಕೆಲಸ ಕೊಟ್ಟರು. ಫಿಲಿಪ್ ಸ್ಮಾರ್ಟ್, ಲಾಯ್ಡ್ ಜೇಮ್ಸ್ ಮಿಕ್ಸರ್ ಮುಂದೆ ಕುಳಿತು ಕಲಿತರು. ಹೋಪ್ಟನ್ ಬ್ರೌನ್ ಎಂಬ ಹದಿಹರೆಯದ ಹುಡುಗ ಬಂದದ್ದು ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಕೆಲಸಕ್ಕೆ. ಎಲೆಕ್ಟ್ರಾನಿಕ್ಸ್ ಬಗ್ಗೆ ಅವನ ಮಾತು ಕೇಳಿ ಎಲ್ಲರೂ ಸೈಂಟಿಸ್ಟ್ ಎಂದು ಅಡ್ಡಹೆಸರಿಟ್ಟರು. ಆ ಹೆಸರಿನಲ್ಲೇ ಅವನು ಮುಂದೆ ಪ್ರಸಿದ್ಧನಾದ. ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಎಂದರೆ ಅಂಕಗಳ ಲೆಕ್ಕ ಹಾಕುವ ನಾವು, ಕಾಯಿಲ್ ಸುತ್ತುತ್ತಾ ಕಲಿತ ಆ ಹುಡುಗನನ್ನು ನೆನೆದರೆ ತುಸು ನಾಚಿಕೆಯಾಗುತ್ತದೆ.

ಲಾಯ್ಡ್ ಜೇಮ್ಸ್, ಅಂದರೆ ಪ್ರಿನ್ಸ್ ಜಾಮಿ, ಗುರುವಿನಿಂದ ಬೇರೆಯಾಗಿ ಅದೇ ಬಡಾವಣೆಯಲ್ಲಿ ಸ್ವಂತ ಸ್ಟುಡಿಯೋ ಮಾಡಿದರು. 1985ರಲ್ಲಿ ಕ್ಯಾಸಿಯೋ ಕಂಪನಿಯ ಎಂಟಿ-40 ಎಂಬ ಅಗ್ಗದ ಕೀಬೋರ್ಡ್‌ನಲ್ಲಿ ಮೊದಲೇ ತುಂಬಿಟ್ಟಿದ್ದ ಒಂದು ತಾಳವನ್ನು ಬಳಸಿ ಅವರು ಹೊರತಂದ ಹಾಡು ಜಮೈಕಾದ ಸಂಗೀತದ ದಿಕ್ಕನ್ನೇ ತಿರುಗಿಸಿತು. ಡ್ರಮ್ಮರ್ ಬೇಡ, ಬಾಸ್ ನುಡಿಸುವವರು ಬೇಡ. ಎಲ್ಲವೂ ಡಿಜಿಟಲ್. ಟಬ್ಬಿಗೆ ಆಗ 44 ವರ್ಷ. ಅವರು ಹೊಸ ಕಾಲವನ್ನು ಬೈಯುತ್ತಾ ಕೂರಲಿಲ್ಲ. ಹಳೆಯ ಇಕ್ಕಟ್ಟು ಕೋಣೆಗೆ ಬದಲಾಗಿ ದೊಡ್ಡ ಸ್ಟುಡಿಯೋ ಕಟ್ಟಿಸಿದರು, ಫೈರ್‌ಹೌಸ್ ಹೆಸರಿನ ಲೇಬಲ್ ತೆರೆದರು, ಅದೇ ವರ್ಷ ಆಂಥೊನಿ ರೆಡ್ ರೋಸ್ ಹಾಡಿದ ಟೆಂಪೋ ಎಂಬ ಡಿಜಿಟಲ್ ರೆಕಾರ್ಡನ್ನು ತಂದರು. ಆದರೆ ಹೊಸ ಸ್ಟುಡಿಯೋದಲ್ಲಿ ಅವರೇ ನಾಬ್ ಹಿಡಿದದ್ದು ಕಡಿಮೆ, ಕಿರಿಯರಿಗೆ ಬಿಟ್ಟುಕೊಟ್ಟದ್ದೇ ಹೆಚ್ಚು.

1989ರ ಫೆಬ್ರವರಿ 6ರಂದು ಟಬ್ಬಿ ವಾಟರ್‌ಹೌಸ್‌ನ ಸ್ಟುಡಿಯೋದಲ್ಲಿ ಕೆಲಸ ಮುಗಿಸಿ ಡುಹೇನಿ ಪಾರ್ಕ್‌ನಲ್ಲಿದ್ದ ತಮ್ಮ ಮನೆಗೆ ಮರಳಿದರು. ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ದರೋಡೆಗೆ ಬಂದವರ ಕೆಲಸ ಎಂದು ನಂಬಲಾಗಿದೆ. ಕೊಂದವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಟಬ್ಬಿಗೆ ಆಗ 48 ವರ್ಷ.

ಡ್ರಾಮಿಲ್ಲಿ ಅವೆನ್ಯೂನಲ್ಲಿದ್ದ ಆ ಎಂಸಿಐ ಮಿಕ್ಸರ್ ಇಂದು ಅಮೆರಿಕದ ಸಿಯಾಟಲ್ ನಗರದ ಪಾಪ್ ಸಂಸ್ಕೃತಿ ಮ್ಯೂಸಿಯಂನ ಸಂಗ್ರಹದಲ್ಲಿದೆ. ಆಲ್ಟೆಕ್ ಫಿಲ್ಟರನ್ನು ಅನುಕರಿಸುವ ಪ್ಲಗಿನ್‌ಗಳೂ ಬಂದಿವೆ. ಅವುಗಳ ಪರದೆಯ ಮೇಲೆ ಅದೇ ದೊಡ್ಡ ನಾಬ್‌ನ ಚಿತ್ರ, ಅವೇ ಮೆಟ್ಟಿಲುಗಳು. ನಿಜವಾದ ನಾಬ್ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರುವಾಗ ಟಿಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಎಂಜಿನಿಯರ್‌ಗಳ ಕಣ್ಣಲ್ಲಿ ಅದು ದೋಷ. ಟಬ್ಬಿಯ ಹಳೆಯ ಮಿಕ್ಸ್‌ಗಳನ್ನು ಹೆಡ್‌ಫೋನ್ ಹಾಕಿ, ಬಾಸ್ ಮಾಯವಾಗುವ ಜಾಗದಲ್ಲಿ ಗಮನವಿಟ್ಟು ಕೇಳಿದರೆ ಕೈ ತಿರುಗುವ ಆ ಸದ್ದು ಕೇಳಿಸುತ್ತದೆ.